ಕೂಸಿನ ರಾತ್ರಿ ಯಾರದು

ಎರಡು ವಾರದ ಕೂಸನ್ನು ಮಗ್ಗುಲಲ್ಲಿ ಹಾಕಿಕೊಂಡು ಮಲಗಬೇಕೋ, ತೊಟ್ಟಿಲಲ್ಲಿ ಮಲಗಿಸಬೇಕೋ? ಹಗಲಲ್ಲಿ ಈ ಪ್ರಶ್ನೆಗೆ ಎಲ್ಲರ ಬಳಿಯೂ ಉತ್ತರವಿರುತ್ತದೆ. ಕೂಸು ನೋಡಲು ಬಂದ ನೆಂಟರು ಒಂದು ಹೇಳುತ್ತಾರೆ, ಆಸ್ಪತ್ರೆಯ ನರ್ಸಮ್ಮ ಇನ್ನೊಂದು ಹೇಳಿರುತ್ತಾರೆ, ಫೋನಿನ ವಿಡಿಯೋ ಮತ್ತೊಂದು ಹೇಳುತ್ತದೆ. ರಾತ್ರಿ ಎರಡೂವರೆಗೆ ಈ ಉತ್ತರ ಹೇಳಿದವರೆಲ್ಲ ನಿದ್ದೆಯಲ್ಲಿರುತ್ತಾರೆ. ಕರೆಂಟು ಹೋಗಿ ಫ್ಯಾನು ನಿಂತಿದೆ, ಹೊಲಿಗೆ ಹಾಕಿದ ಹೊಟ್ಟೆ ಜಗ್ಗುತ್ತಿದೆ, ಕೆಳಗಿಟ್ಟ ಕೂಡಲೇ ಕೂಸು ಮುಲುಕುತ್ತದೆ. ಎದ್ದು ಕೂತಿರುವವಳು ಬಾಣಂತಿ ಒಬ್ಬಳೇ. ನಾನು ಯೋಚಿಸುತ್ತಿರುವುದು ಆ ಹೊತ್ತಿನ ಕುರಿತು.

ಮೊದಲು ಕೂಸಿನ ಪರವಾಗಿ ಎರಡು ಮಾತು ಹೇಳಬೇಕು. ಅದು ಹಟ ಮಾಡುತ್ತಿಲ್ಲ. ಹಗಲು ಯಾವುದು, ರಾತ್ರಿ ಯಾವುದು ಎಂದು ಅದರ ಮೈಗೆ ತಿಳಿಯಲು ಎರಡು ಮೂರು ತಿಂಗಳು ಬೇಕು. ದಿನಕ್ಕೆ 14ರಿಂದ 17 ಗಂಟೆ ಮಲಗಿದರೂ ಅದೆಲ್ಲ ತುಂಡು ನಿದ್ದೆ. ಆ ನಿದ್ದೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಿಸುಕಾಟದ ನಿದ್ದೆ: ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಅಲುಗುತ್ತದೆ, ಮುಖ ಕಿವುಚಿಕೊಳ್ಳುತ್ತದೆ, ಒಮ್ಮೆ ನಗುತ್ತದೆ, ಒಮ್ಮೆ ಎರಡೂ ಕೈ ಚೆಲ್ಲಿ ಬೆಚ್ಚುತ್ತದೆ. ಉಸಿರು ಐದಾರು ಸೆಕೆಂಡು ನಿಂತಂತಾಗಿ ಮತ್ತೆ ಬೇಗಬೇಗ ಹೊರಡುವುದೂ ಉಂಟು. ದೇವರು ಆಡಿಸುತ್ತಾನೆ ಎಂದು ಹಿರಿಯರು ಹೇಳುವುದು ಇದನ್ನೇ. ಎಷ್ಟೋ ಸಲ ತಾಯಿ ಎತ್ತಿಕೊಳ್ಳುವ ಹೊತ್ತಿಗೆ ಕೂಸಿಗೆ ಎಚ್ಚರವೇ ಆಗಿರುವುದಿಲ್ಲ. ಅವಳು ನಾಲ್ಕು ಉಸಿರಿನಷ್ಟು ಹೊತ್ತು ಕಾದರೆ ಅದು ತಾನಾಗಿಯೇ ಮತ್ತೆ ನಿದ್ದೆಗೆ ಜಾರುತ್ತದೆ. ಇದನ್ನು ಅವಳಿಗೆ ಮೊದಲೇ ಹೇಳಿರುವವರು ಕಡಿಮೆ.

ನಮ್ಮ ಕಣೇಕಲ್ಲಿನ ಸುತ್ತಿನ ಮನೆಗಳಲ್ಲಿ ಕೂಸಿನ ನಿದ್ದೆಯ ಮಾತು ಎರಡು ಭಾಷೆಯ ನಡುವೆ ನಡೆಯುತ್ತದೆ. ಕಣೇಕಲ್ಲು ಸೇರಿದ್ದ ರಾಯದುರ್ಗ ತಾಲ್ಲೂಕು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆ ವರ್ಷ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿತು, ಆದೋನಿ, ಆಲೂರು, ರಾಯದುರ್ಗ ಆಂಧ್ರದ ಪಾಲಾದವು. ಇಲ್ಲಿಯ ಹೆಣ್ಣುಮಕ್ಕಳು ಹೆರಿಗೆಗೆ ರಾಯದುರ್ಗಕ್ಕೋ ಅನಂತಪುರಕ್ಕೋ ಹೋಗುತ್ತಾರೆ, ಕಷ್ಟವಾದರೆ ಬಳ್ಳಾರಿಗೆ ಓಡುತ್ತಾರೆ. ಸರಕಾರಿ ತಿಳಿವಳಿಕೆ ತೆಲುಗಿನಲ್ಲಿ ಬರುತ್ತದೆ. ಕೂಸನ್ನು ಎಲ್ಲಿ ಮಲಗಿಸುವುದು ಎಂಬ ತೀರ್ಮಾನ ಮಾತ್ರ ಒಳಮನೆಯಲ್ಲಿ, ಕನ್ನಡದಲ್ಲೇ ಆಗುತ್ತದೆ. "ಕೂಸಿಗೆ ತಾಯಿ ಮೈಬಿಸಿ ಬೇಕವ್ವಾ, ಮಗ್ಗುಲಾಗೆ ಹಾಕ್ಕಂಡು ಮಕ್ಕ" ಎನ್ನುತ್ತಾಳೆ ಅಜ್ಜಿ. "ನಿದ್ದೆಗಣ್ಣಾಗೆ ಅದರ ಮೇಲೆ ಹೊರಳಿಬಿಟ್ರೆ ಏನ್ ಮಾಡ್ಲಿ ಅಜ್ಜಿ?" ಎಂದು ಮೊಮ್ಮಗಳು ಕೇಳುತ್ತಾಳೆ. ಇಬ್ಬರ ಮಾತಿನಲ್ಲೂ ನಿಜವಿದೆ. ಅಜ್ಜಿಯ ಮಾತನ್ನು ಹಳೇ ಕಾಲದ್ದೆಂದು ತಳ್ಳುವವರನ್ನೂ, ಮೊಮ್ಮಗಳ ಭಯವನ್ನು ಓದಿದವರ ಭಯವೆಂದು ನಗುವವರನ್ನೂ ನಾನು ಒಪ್ಪಲಾರೆ.

ಅಜ್ಜಿಯ ಕಾಲದ ಬಾಣಂತಿಕೋಣೆ ಹೇಗಿತ್ತು ಎಂದು ನೆನಪು ಮಾಡಿಕೊಂಡರೆ ಅವಳ ಧೈರ್ಯದ ಬೇರು ಕಾಣುತ್ತದೆ. ಮಣ್ಣಿನ ಮಾಳಿಗೆಯ ಕತ್ತಲೆ ಕೋಣೆ, ಅದರಲ್ಲಿ ಬಾಣಂತಿಯ ಹೊರಸು, ಮಗ್ಗುಲಲ್ಲಿ ಕೂಸು. ಅದೇ ಕೋಣೆಯ ನೆಲದ ಮೇಲೆ ಚಾಪೆ ಹಾಸಿಕೊಂಡು ಬಾಣಂತಿಯ ತಾಯಿ ಅಥವಾ ದೊಡ್ಡಮ್ಮ. ಗಂಡ ಇನ್ನೊಂದೂರಲ್ಲಿ, ಅವನ ಬೀಡಿ, ಅವನ ಕುಡಿತ ಏನಿದ್ದರೂ ಆ ಕೋಣೆಗೆ ಬರುತ್ತಿರಲಿಲ್ಲ. ಕೂಸು ಕುಂಯ್ ಎಂದರೆ ಎರಡು ಜೀವ ಏಳುತ್ತಿದ್ದವು. ತೊಟ್ಟಿಲಿಗೆ ಹಾಕುವ ಶಾಸ್ತ್ರ ಆಗುವವರೆಗೆ ಹಸುಗೂಸನ್ನು ಹಳೆ ಸೀರೆಯ ಮೆತ್ತೆ ಹಾಸಿದ ಮೊರದಲ್ಲಿ ಮಲಗಿಸುವ ರೂಢಿಯೂ ನಮ್ಮ ಸೀಮೆಯ ಹಲವು ಮನೆಗಳಲ್ಲಿತ್ತು. ತಾಯಿಯ ಕೈಗೆ ಸಿಗುವಷ್ಟು ಹತ್ತಿರ, ಆದರೆ ಅಂಚು ಇರುವ ಬೇರೆ ಜಾಗ. "ನಾವೆಲ್ಲ ಮಗ್ಗುಲಲ್ಲೇ ಮಲಗಿಸಿ ಬೆಳೆಸಲಿಲ್ಲವೇ" ಎನ್ನುವಾಗ ಅಜ್ಜಿ ನೆನಪಿಗೆ ತಂದುಕೊಳ್ಳುವುದು ಆ ಹಾಸಿಗೆಯನ್ನು. ಪಕ್ಕದ ಚಾಪೆಯನ್ನು ಅವಳೇ ಮರೆತಿದ್ದಾಳೆ.

ಆ ಕಾಲದಲ್ಲಿ ಏನೂ ಆಗಲಿಲ್ಲ ಎಂಬುದನ್ನು ಪೂರ್ತಿ ನಂಬಬೇಕಾಗಿಯೂ ಇಲ್ಲ. ಬೆಳಗಾಗುವಷ್ಟರಲ್ಲಿ ತಣ್ಣಗಾಗಿದ್ದ ಕೂಸುಗಳಿಗೆ ಬಾಲಗ್ರಹವೆಂದೋ ದೃಷ್ಟಿಯೆಂದೋ ಹೆಸರಿಟ್ಟು ಮನೆಯವರು ಬಾಯಿ ಮುಚ್ಚಿಕೊಂಡರು. ಬದುಕಿದವರು ಮಾತ್ರ ದೊಡ್ಡವರಾಗಿ ಕತೆ ಹೇಳಿದರು.

ಡಾಕ್ಟರು ಹೇಳುವುದನ್ನು ಈಗ ನೋಡೋಣ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರಲ್ಲಿ ತನ್ನ ಸಲಹೆಯನ್ನು ಮತ್ತೆ ಪ್ರಕಟಿಸಿತು: ಕನಿಷ್ಠ ಮೊದಲ ಆರು ತಿಂಗಳು ಕೂಸು ತಾಯಿಯ ಕೋಣೆಯಲ್ಲೇ ಮಲಗಲಿ, ಆದರೆ ಬೇರೆ ಹಾಸಿಗೆಯಲ್ಲಿ, ಅಂಗಾತ ಮಲಗಲಿ, ಹಾಸು ಗಟ್ಟಿಯಾಗಿರಲಿ, ದಿಂಬು ಬೇಡ. ಆ ದೇಶದಲ್ಲಿ ವರ್ಷಕ್ಕೆ ಸುಮಾರು 3,500 ಶಿಶುಗಳು ನಿದ್ದೆಯಲ್ಲೇ ಸಾಯುತ್ತವೆ. ಕೂಸನ್ನು ಬೋರಲು ಹಾಕಬೇಡಿ ಎಂದು 1994ರಲ್ಲಿ ಅಲ್ಲಿ ದೊಡ್ಡ ಪ್ರಚಾರ ಮಾಡಿದ ಮೇಲೆ, ಕಾರಣ ತಿಳಿಯದ ಹಠಾತ್ ಶಿಶುಮರಣ ಅರ್ಧಕ್ಕಿಂತಲೂ ಕೆಳಗಿಳಿಯಿತು. ಅಂಗಾತ ಮಲಗಿಸುವುದಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ತಲೆ ದುಂಡಗಾಗಲೆಂದು ಸಾಸಿವೆ ದಿಂಬು ಇಡುವ ನಮ್ಮ ಮನೆಗಳು ದಿಂಬು ಬೇಡವೆಂಬ ಮಾತನ್ನೂ ಕೇಳಬೇಕು.

ಜೊತೆಯಲ್ಲಿ ಮಲಗುವ ವಿಷಯದಲ್ಲಿ ಮಾತ್ರ ತಿಳಿದವರಲ್ಲೇ ಒಮ್ಮತವಿಲ್ಲ. 2013ರಲ್ಲಿ ಕಾರ್ಪೆಂಟರ್ ಮತ್ತು ಜೊತೆಗಾರರು ಪ್ರಕಟಿಸಿದ ಲೆಕ್ಕ ಹೀಗಿದೆ: ತಾಯಿತಂದೆ ಸಿಗರೇಟು ಸೇದದ, ತಾಯಿ ಮದ್ಯ ಮುಟ್ಟದ, ಎದೆಹಾಲು ಕುಡಿಯುವ ಕೂಸು ಬೇರೆ ಹಾಸಿಗೆಯಲ್ಲಿ ಮಲಗಿದರೆ ಅಂಥ ಒಂದು ಲಕ್ಷ ಕೂಸುಗಳಲ್ಲಿ ಸುಮಾರು 8 ಈ ಹಠಾತ್ ಮರಣಕ್ಕೆ ತುತ್ತಾಗುತ್ತವೆ, ಜೊತೆಯಲ್ಲಿ ಮಲಗಿದರೆ ಸುಮಾರು 23. ಮರುವರ್ಷವೇ ಪೀಟರ್ ಬ್ಲೇರ್ ಮತ್ತು ಸಂಗಡಿಗರು ಬೇರೆ ಅಂಕಿಗಳನ್ನು ಹಿಡಿದು, ಸೋಫಾ, ಮದ್ಯ, ಸಿಗರೇಟು ಇಲ್ಲದ ಕಡೆ ಜೊತೆ ಮಲಗುವುದರಿಂದ ಅಪಾಯ ಹೆಚ್ಚುವುದು ಕಾಣಲಿಲ್ಲ ಎಂದರು. ಜೇಮ್ಸ್ ಮೆಕೆನ್ನಾ ಎಂಬ ಮಾನವಶಾಸ್ತ್ರಜ್ಞರು ತಾಯಿಕೂಸುಗಳ ನಿದ್ದೆಯನ್ನು ಪ್ರಯೋಗಶಾಲೆಯಲ್ಲಿ ವರ್ಷಗಟ್ಟಲೆ ನೋಡಿದವರು. ಹಾಲೂಡಿಸುವ ತಾಯಿ ಕೂಸಿನ ಕಡೆ ಮುಖಮಾಡಿ, ಅದರ ಸುತ್ತ ಮೈ ಬಾಗಿಸಿ ಮಲಗುತ್ತಾಳೆ, ಇಬ್ಬರ ಎಚ್ಚರ ಒಂದಕ್ಕೊಂದು ಹೆಣೆದುಕೊಂಡಿರುತ್ತದೆ ಎಂಬುದು ಅವರ ವಾದ.

ಲಕ್ಷಕ್ಕೆ 8 ಮತ್ತು 23. ಈ ಎರಡು ಸಂಖ್ಯೆಗಳ ಮುಂದೆ ನಾನು ಬಹಳ ಹೊತ್ತು ಕೂತಿದ್ದೇನೆ. ಒಬ್ಬ ತಾಯಿಗೆ ಎರಡೂ ಸಣ್ಣ ಸಂಖ್ಯೆಗಳು. ಆದರೆ ಆ ಹದಿನೈದರಲ್ಲಿ ತನ್ನ ಕೂಸೂ ಒಂದಾಗಬಹುದು ಎಂದು ಯೋಚಿಸಿದ ಕ್ಷಣ ಸಣ್ಣದು ಎಂಬ ಮಾತಿಗೆ ಅರ್ಥ ಉಳಿಯುವುದಿಲ್ಲ. ಹಾಗೆಂದು ರಾತ್ರಿಯಿಡೀ ಎದ್ದು ಕೂತರೆ ಅವಳು ಉಳಿಯುತ್ತಾಳೆಯೇ? ಗೋಡೆಗೊರಗಿ ಹಾಲು ಕೊಡುತ್ತಾ, ಮಲಗಬಾರದು ಮಲಗಬಾರದು ಎಂದುಕೊಳ್ಳುತ್ತಲೇ ಕಣ್ಣು ಮುಚ್ಚಿ ಕೂಸು ತೊಡೆಯಿಂದ ಜಾರುವುದು, ಸೋಫಾದ ಮೂಲೆಯಲ್ಲಿ ಕೂತು ತೂಕಡಿಸುವುದು, ಇವು ಸಿದ್ಧವಾದ ಹಾಸಿಗೆಯಲ್ಲಿ ಮಲಗುವುದಕ್ಕಿಂತ ಹೆಚ್ಚು ಅಪಾಯ. ಜೊತೆ ಮಲಗುವುದನ್ನು ಒಪ್ಪದ ವೈದ್ಯರೂ ಇದನ್ನು ಹೇಳುತ್ತಾರೆ. ನಿದ್ದೆಗೆ ಬೀಳುವುದು ತಾಯಿಯ ತಪ್ಪಲ್ಲ. ಅವಳು ಬೀಳುತ್ತಾಳೆ ಎಂದು ತಿಳಿದೇ ಮನೆ ಸಿದ್ಧವಾಗಿರಬೇಕು.

ಜಗಳವಾಡುವ ಪಂಡಿತರೂ ಒಪ್ಪುವ ಕೆಲವು ಮಾತುಗಳಿವೆ. ಹಾಸಿಗೆಯಲ್ಲಿ ಮಲಗುವವರಲ್ಲಿ ಯಾರಾದರೂ ಬೀಡಿ ಸಿಗರೇಟು ಸೇದುವವರಿದ್ದರೆ, ಯಾರಾದರೂ ಕುಡಿದಿದ್ದರೆ, ನಿದ್ದೆ ತರಿಸುವ ಮಾತ್ರೆ ತೆಗೆದುಕೊಂಡಿದ್ದರೆ, ಕೂಸು 37 ವಾರ ತುಂಬುವ ಮೊದಲೇ ಹುಟ್ಟಿದ್ದರೆ, ಹುಟ್ಟುವಾಗ ಎರಡೂವರೆ ಕಿಲೋಗಿಂತ ಕಡಿಮೆ ಇದ್ದರೆ ಜೊತೆ ಮಲಗುವುದು ಬೇಡ. ಇದರಲ್ಲಿ ಕೊನೆಯದು ನಮ್ಮನ್ನು ತಟ್ಟಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಹುಟ್ಟಿದಾಗ ತೂಕ ನೋಡಿದ ಮಕ್ಕಳಲ್ಲಿ ಶೇ. 18ರಷ್ಟು ಎರಡೂವರೆ ಕಿಲೋ ಮುಟ್ಟುವುದಿಲ್ಲ. ಅದೇ ಸಮೀಕ್ಷೆಯಲ್ಲಿ 15 ತುಂಬಿದ ಗಂಡಸರಲ್ಲಿ ಶೇ. 38 ಜನ ಒಂದಲ್ಲ ಒಂದು ಬಗೆಯ ತಂಬಾಕು ಬಳಸುವವರು, ಸುಮಾರು ಶೇ. 19 ಜನ ಕುಡಿಯುವವರು. ಈ ಪಟ್ಟಿಯಲ್ಲಿ ತಾಯಿಯ ಕೈಲಿರುವುದು ಎಷ್ಟು, ಮಿಕ್ಕವರ ಕೈಲಿರುವುದು ಎಷ್ಟು ಎಂದು ಒಮ್ಮೆ ಎಣಿಸಿ ನೋಡಿ.

ಬೈಬಲಿನ ಹಳೆಯ ಒಡಂಬಡಿಕೆಯ ಸೊಲೊಮೋನನ ನ್ಯಾಯದ ಕತೆ ಎಲ್ಲರಿಗೂ ಗೊತ್ತು. ಕೂಸಿಗಾಗಿ ಜಗಳವಾಡಿದ ಇಬ್ಬರು ತಾಯಂದಿರು, ಕತ್ತಿ ತರಿಸಿದ ರಾಜ. ಆ ಕತೆ ಶುರುವಾಗುವುದೇ ಒಬ್ಬ ತಾಯಿ ರಾತ್ರಿ ನಿದ್ದೆಯಲ್ಲಿ ತನ್ನ ಕೂಸಿನ ಮೇಲೆ ಹೊರಳಿ ಅದು ಸತ್ತದ್ದರಿಂದ ಎಂಬುದು ನಮ್ಮ ನೆನಪಲ್ಲಿ ಉಳಿದಿಲ್ಲ. ಆ ಮನೆಯಲ್ಲಿ ಆಗಷ್ಟೇ ಹೆತ್ತ ಇಬ್ಬರು ಹೆಂಗಸರ ಹೊರತು ಯಾರೂ ಇರಲಿಲ್ಲ ಎಂದೂ ಅಲ್ಲಿ ಹೇಳಿದೆ. ರಾಜನ ಬುದ್ಧಿವಂತಿಕೆಯನ್ನು ಲೋಕವೆಲ್ಲ ಕೊಂಡಾಡಿತು. ಹಸಿ ಬಾಣಂತಿಯರಿಬ್ಬರು ಒಂದು ಮನೆಯಲ್ಲಿ ಯಾರ ನೆರವೂ ಇಲ್ಲದೆ ಯಾಕಿದ್ದರು ಎಂದು ರಾಜನೂ ಕೇಳಲಿಲ್ಲ, ಕತೆ ಹೇಳಿದ ನಾವೂ ಕೇಳಲಿಲ್ಲ.

ಸ್ಕಾಟ್ಲೆಂಡಿನ ಡಂಡಿ ಪಟ್ಟಣದ ಪೊಲೀಸ್ ವೈದ್ಯ ಚಾರ್ಲ್ಸ್ ಟೆಂಪಲ್‌ಮನ್ 1892ರಲ್ಲಿ, ಹಾಸಿಗೆಯಲ್ಲಿ ಉಸಿರುಕಟ್ಟಿ ಸತ್ತವೆಂದು ದಾಖಲಾದ 258 ಕೂಸುಗಳ ವಿವರ ಪ್ರಕಟಿಸಿದ. ವಾರದ ಬೇರೆ ರಾತ್ರಿಗಳಿಗಿಂತ ಶನಿವಾರ ರಾತ್ರಿ ಸಾವು ಬಹಳ ಹೆಚ್ಚು. ಶನಿವಾರ ವಾರದ ಕೂಲಿ ಕೈಗೆ ಬರುವ ದಿನ, ಕುಡಿಯುವ ದಿನ. ಕುಡಿತ, ಒಂದೇ ಕೋಣೆಯಲ್ಲಿ ಇಡೀ ಸಂಸಾರ ಮಲಗುವ ಇಕ್ಕಟ್ಟು, ಇವನ್ನು ಆತ ಕಾರಣಗಳಲ್ಲಿ ಸೇರಿಸಿದ. ತಾಯಂದಿರ ಅಜಾಗ್ರತೆಯನ್ನೂ ಸೇರಿಸಿದ. ನೂರಮೂವತ್ತು ವರ್ಷ ದಾಟಿದರೂ ಮೊದಲು ಬಾಯಿಗೆ ಬರುವುದು ಆ ಕೊನೆಯ ಕಾರಣವೇ.

ಇನ್ನೊಂದು ತುದಿಯಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್ ಇದೆ. ಅಲ್ಲಿ ನೆಲೆಸಿದ ಪಾಕಿಸ್ತಾನಿ ಮೂಲದ ಕುಟುಂಬಗಳು ಕೂಸನ್ನು ದೊಡ್ಡವರ ಹಾಸಿಗೆಯಲ್ಲಿ ಮಲಗಿಸುವುದು ಬಿಳಿಯ ಕುಟುಂಬಗಳಿಗಿಂತ ಹೆಚ್ಚು. ಆದರೂ ಅಲ್ಲಿಯ ದಕ್ಷಿಣ ಏಷ್ಯಾ ಮೂಲದ ಕೂಸುಗಳಲ್ಲಿ ಹಠಾತ್ ಮರಣ ಬಿಳಿಯರ ಕೂಸುಗಳ ಕಾಲುಭಾಗದಷ್ಟು ಮಾತ್ರ ಇತ್ತು. 2012ರಲ್ಲಿ ಹೆಲೆನ್ ಬಾಲ್ ಮತ್ತು ಸಂಗಡಿಗರು ಮನೆಮನೆಯ ರೂಢಿಗಳನ್ನು ಕೇಳಿ ಪ್ರಕಟಿಸಿದ ವರದಿಯಲ್ಲಿ ಕಂಡದ್ದು: ಆ ಮನೆಗಳಲ್ಲಿ ತಾಯಿ ಸೇದುವುದು, ಕುಡಿಯುವುದು ಅಪರೂಪ, ಸೋಫಾದಲ್ಲಿ ಕೂಸಿನೊಂದಿಗೆ ಮಲಗುವುದು ಅಪರೂಪ, ಕೂಸನ್ನು ಬೇರೆ ಕೋಣೆಯಲ್ಲಿ ಒಂಟಿಯಾಗಿ ಬಿಡುವುದೂ ಅಪರೂಪ. ನಮ್ಮ ಅಜ್ಜಿಗೆ ಇದನ್ನು ಓದಿ ಹೇಳಿದರೆ ತನ್ನ ಗೆಲುವೆಂದೇ ಎಣಿಸುತ್ತಾಳೆ. ಗೆಲುವು ಹೌದು, ಆದರೆ ಆ ಹಾಸಿಗೆಯ ಸುತ್ತ ಇದ್ದ ಮನೆಯದು.

ಮನೆಯೇ ಕೈಬಿಟ್ಟರೆ ಏನಾಗುತ್ತದೆ ಎಂಬುದನ್ನು ತಿಳಿಯಲು ನಾವು ದೂರ ಹೋಗಬೇಕಿಲ್ಲ. ಮಡಕಶಿರದ ಗಡಿಯಾಚೆ ತುಮಕೂರು, ಚಿತ್ರದುರ್ಗದ ಗೊಲ್ಲರಹಟ್ಟಿಗಳಲ್ಲಿ ಸೂತಕವೆಂದು ಬಾಣಂತಿಯನ್ನೂ ಹಸುಗೂಸನ್ನೂ ಹಟ್ಟಿಯ ಹೊರಗೆ ಗುಡಿಸಲಲ್ಲಿ ಇರಿಸುವ ಕಟ್ಟಳೆ ಇನ್ನೂ ಪೂರ್ತಿ ಅಳಿದಿಲ್ಲ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯಲ್ಲಿ ಹೀಗೆ ಹೊರಗಿಟ್ಟ ಕೂಸು ಮಳೆಚಳಿಯಲ್ಲಿ ಕಾಯಿಲೆ ಬಿದ್ದು ತೀರಿಕೊಂಡಿತು. ಆ ತಾಯಿಗೆ ಕೂಸನ್ನು ಮಗ್ಗುಲಲ್ಲಿ ಹಾಕಿಕೊಳ್ಳುವುದಕ್ಕಿಂತ ಬೇರೆ ಯಾವ ದಾರಿ ಇತ್ತು? ಅವಳ ಮುಂದೆ ಆಯ್ಕೆ ಎಂಬುದೇ ಇರಲಿಲ್ಲ. ಹಟ್ಟಿಯ ಜನ ಕೆಟ್ಟವರೆಂದು ನಾನು ಹೇಳುತ್ತಿಲ್ಲ. ದೇವರಿಗೆ ಹೆದರುವವರು, ಕುರಿಮರಿಗೆ ಚಳಿಯಾದರೆ ಕಂಬಳಿ ಹೊದಿಸುವವರು. ಅದಕ್ಕೇ ಆ ಸಾವು ನನ್ನನ್ನು ಇನ್ನೂ ಹೆಚ್ಚು ನೋಯಿಸುತ್ತದೆ. ಪಕ್ಕಾ ಮನೆಗಳಲ್ಲಿ, ಎಲ್ಲ ಅನುಕೂಲಗಳ ನಡುವೆ, "ಕೂಸು ರಾತ್ರಿ ಅಳುತ್ತೆ, ನನಗೆ ಬೆಳಿಗ್ಗೆ ಕೆಲಸ ಇದೆ" ಎಂದು ಇನ್ನೊಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುವ ಗಂಡನೂ ತನ್ನ ಅಳತೆಯಲ್ಲಿ ಅದನ್ನೇ ಮಾಡುತ್ತಿದ್ದಾನೆ.

ಮೈಬಿಸಿಯ ಬಗ್ಗೆ ಅಜ್ಜಿ ಹೇಳುವುದು ಸುಳ್ಳಲ್ಲ. 1978ರ ಸುಮಾರಿಗೆ ಕೊಲಂಬಿಯಾದ ಬೊಗೊಟಾದಲ್ಲಿ ಎಡ್ಗರ್ ರೇ ಎಂಬ ವೈದ್ಯರು, ಕೂಸಿಗೆ ಶಾಖ ಕೊಡುವ ಪೆಟ್ಟಿಗೆಗಳು ಸಾಲದೆ, ಕಡಿಮೆ ತೂಕದ ಕೂಸುಗಳನ್ನು ತಾಯಿಯ ಬರಿಯೆದೆಗೆ ಕಟ್ಟಿದರು. ಅದೇ ಇಂದು ಕಾಂಗರೂ ಆರೈಕೆ. ಭಾರತ ಮತ್ತು ಆಫ್ರಿಕದ ನಾಲ್ಕು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹುಟ್ಟಿದ ಕೂಡಲೇ ಈ ಆರೈಕೆ ಸಿಕ್ಕ ಪುಟ್ಟ ಕೂಸುಗಳಲ್ಲಿ 28 ದಿನದೊಳಗಿನ ಸಾವು ಶೇ. 12 ಇತ್ತು, ರೂಢಿಯ ಆರೈಕೆ ಪಡೆದವುಗಳಲ್ಲಿ ಶೇ. 15.7. ನಮಗೆ ಕಾಲುವೆ ನೀರು ಬರುವ ತುಂಗಭದ್ರೆಯ ಆಚೆದಡದ ಕೊಪ್ಪಳ ಜಿಲ್ಲೆಯಲ್ಲೂ ಈ ಆರೈಕೆಯನ್ನು ಸರಕಾರಿ ಆಸ್ಪತ್ರೆಗಳಿಂದ ಮನೆಗಳವರೆಗೆ ತಲುಪಿಸುವ ಕೆಲಸ ನಡೆದಿದೆ. ಇಲ್ಲಿ ಒಂದು ವಿಚಿತ್ರವಿದೆ. ಯಾವ ಪುಟ್ಟ ಕೂಸನ್ನು ನಿದ್ದೆಯಲ್ಲಿ ಮಗ್ಗುಲಲ್ಲಿ ಹಾಕಬೇಡಿ ಎನ್ನುತ್ತಾರೋ ಅದೇ ಕೂಸನ್ನು ಗಂಟೆಗಟ್ಟಲೆ ಎದೆಗೆ ಕಟ್ಟಿಕೊಳ್ಳಿ ಎನ್ನುತ್ತಾರೆ. ಎದೆಗೆ ಕಟ್ಟಿದಾಗ ಕೂಸು ನೆಟ್ಟಗಿರುತ್ತದೆ, ಅದರ ಮೂಗುಬಾಯಿ ಕಾಣುತ್ತಿರುತ್ತದೆ, ಯಾರಾದರೂ ನೋಡುತ್ತಿರುತ್ತಾರೆ. ಹತ್ತಿರವಿರುವುದು ಕೂಸನ್ನು ಕಾಯುತ್ತದೆ. ಯಾರ ಎಚ್ಚರವೂ ಇಲ್ಲದ ಹತ್ತಿರ ಅಪಾಯ ತರುತ್ತದೆ. ಈ ಕಾಂಗರೂ ಆರೈಕೆಯನ್ನು ಅಪ್ಪನೂ ಮಾಡಬಹುದು, ಅಜ್ಜಿಯೂ ಮಾಡಬಹುದು. ಹಾಲು ಕೊಡುವುದೊಂದನ್ನು ಬಿಟ್ಟರೆ ಕೂಸಿನ ರಾತ್ರಿಯಲ್ಲಿ ತಾಯಿಯೇ ಆಗಬೇಕಾದ ಕೆಲಸ ಇನ್ನೇನೂ ಇಲ್ಲ.

ಹಾಗಾದರೆ ನಮ್ಮ ಮನೆಗಳಲ್ಲಿ ಏನು ಮಾಡುವುದು? ನನ್ನ ಅಭಿಪ್ರಾಯ ಕೇಳಿದರೆ, ಕೈಗೆ ಸಿಗುವಷ್ಟು ಹತ್ತಿರ, ಆದರೆ ಬೇರೆ ಹಾಸು. ತಗ್ಗಿನ ತೊಟ್ಟಿಲಾಗಲಿ, ಅಗಲವಾದ ಮೊರವಾಗಲಿ, ಹಾಸಿಗೆಯ ಪಕ್ಕದಲ್ಲೇ ಇರಲಿ. ನ್ಯೂಜಿಲೆಂಡಿನ ಮಾವೊರಿ ಜನರಲ್ಲಿ ತಾಯಿಕೂಸು ಕೂಡಿ ಮಲಗುವ ಪದ್ಧತಿಯನ್ನು ಬಿಡಿಸಲು ಹೋಗಿ ಸೋತ ಮೇಲೆ, ನಾರಿನಲ್ಲಿ ಹೆಣೆದ ವಾಹಾಕುರಾ ಎಂಬ ಬುಟ್ಟಿಯಲ್ಲಿ ಕೂಸನ್ನು ಮಲಗಿಸಿ ಆ ಬುಟ್ಟಿಯನ್ನೇ ಹಾಸಿಗೆಯ ಮೇಲಿಡುವ ದಾರಿ ಹಿಡಿದರು. ಡೇವಿಡ್ ಟಿಪೆನೆ-ಲೀಚ್ ಎಂಬ ಮಾವೊರಿ ವೈದ್ಯರು ಅದಕ್ಕಾಗಿ ದುಡಿದವರಲ್ಲಿ ಒಬ್ಬರು. ನಮ್ಮ ಮೊರವನ್ನು ನಾವು ಅಟ್ಟಕ್ಕೆ ಎಸೆಯುವ ಮೊದಲು ಇದನ್ನು ಯೋಚಿಸಬೇಕು.

ಹಾಲಿಗೆಂದು ಕೂಸು ಹಾಸಿಗೆಗೆ ಬಂದೇ ಬರುತ್ತದೆ, ತಾಯಿ ಹಾಗೇ ನಿದ್ದೆ ಹೋಗುತ್ತಾಳೆ. ಆದ್ದರಿಂದ ಹಾಸಿಗೆಯೂ ತಕ್ಕಂತಿರಬೇಕು. ನಡುವೆ ಜೋಲು ಬಿದ್ದ ನುಲಿಯ ಹೊರಸು ಬೇಡ. ಅದರ ಮೇಲೆ ಮಲಗಿದ ಇಬ್ಬರೂ ನಡುವಿನ ತಗ್ಗಿಗೇ ಉರುಳುತ್ತಾರೆ. ನೆಲದ ಮೇಲೆ ಬಿಗಿಯಾಗಿ ಹಾಸಿದ ಒಂದು ಕೌದಿ ಅದಕ್ಕಿಂತ ಎಷ್ಟೋ ಲೇಸು, ಮೂಲೆ ಗುಡಿಸಿ, ಚೇಳು ಹುಳ ನೋಡಿ, ಸೊಳ್ಳೆಪರದೆ ಕಟ್ಟಿದರೆ. ಕಾಲುವೆ, ಕೆರೆ, ಭತ್ತದ ಗದ್ದೆ ಇರುವ ಊರಲ್ಲಿ ಪರದೆ ಬೇಕೇಬೇಕು. ದೊಡ್ಡವರ ದಿಂಬು, ದಪ್ಪ ಹೊದಿಕೆ ಕೂಸಿನಿಂದ ದೂರವಿರಲಿ. ಕೂಸು ತಾಯಿಯ ಪಕ್ಕದಲ್ಲಿ ಮಾತ್ರ, ಇಬ್ಬರು ದೊಡ್ಡವರ ನಡುವೆ ಬೇಡ, ಅಕ್ಕ ಅಣ್ಣಂದಿರ ಪಕ್ಕ ಬೇಡವೇ ಬೇಡ. ಸೀರೆಯ ಜೋಲಿಯಲ್ಲಿ ಹಸುಗೂಸಿನ ಗದ್ದ ಎದೆಗೆ ಒತ್ತುವಂತೆ ಕತ್ತು ಬಾಗಿ ಉಸಿರಿಗೆ ಅಡ್ಡಿಯಾಗಬಹುದು. ಹಗಲಲ್ಲಿ ಯಾರಾದರೂ ಕಣ್ಣಿಟ್ಟಿರುವಾಗ ತೂಗಿದರೆ ಸಾಕು, ರಾತ್ರಿಯಿಡೀ ಬೇಡ. ಇನ್ನು ಬಿಸಿಲ ತಿಂಗಳು. ಹಗರಿ ಹೊಳೆಯ ದಂಡೆಯ ಮರಳನ್ನು ಗಾಳಿ ಹೊಲಗಳ ಮೇಲೆ ಎರಚುವ ಈ ಸೀಮೆಯಲ್ಲಿ ಏಪ್ರಿಲ್ ಮೇ ರಾತ್ರಿಯೂ ಗೋಡೆ ಬಿಸಿಯಾಗಿರುತ್ತದೆ. ಆಗಲೂ ಬಾಣಂತಿಕೋಣೆಯ ಕಿಟಕಿ ಮುಚ್ಚಿ, ಧೂಪ ಹಾಕಿ, ಕೂಸಿಗೆ ಟೋಪಿ ಕಟ್ಟಿ ಮೂರು ಸುತ್ತು ಬಟ್ಟೆ ಸುತ್ತುವುದು ಪ್ರೀತಿಯಿಂದಲೇ ಆದರೂ ಮೈ ಕಾದ ಕೂಸು ಅಪಾಯದಲ್ಲಿರುತ್ತದೆ. ತೆಳು ಹತ್ತಿ ಬಟ್ಟೆ ಒಂದು ಸಾಕು.

ಇಷ್ಟೆಲ್ಲ ಮಾಡಲು ಒಬ್ಬ ಬಾಣಂತಿಯಿಂದ ಆಗುವುದಿಲ್ಲ. ರಾಯದುರ್ಗದಿಂದ ತಂದ ಜೀನ್ಸ್ ಬಟ್ಟೆ ಹೊಲಿದು ಪೀಸಿಗಿಷ್ಟು ಎಂದು ದುಡಿಯುವ ಹೆಣ್ಣುಮಕ್ಕಳು ತಿಂಗಳು ತುಂಬುವ ಮೊದಲೇ ಮಿಷನ್ ಮುಂದೆ ಕೂರುತ್ತಾರೆ. ಅಂಥವಳಿಗೆ "ಎಚ್ಚರವಾಗಿರು" ಎಂದು ಹೇಳಿ ಹೋಗುವುದು ಸುಲಭ. ಹತ್ತರಿಂದ ಎರಡರವರೆಗೆ ನಾನು ಎದ್ದಿರುತ್ತೇನೆ, ನೀನು ಮಲಗು, ಹಾಲಿಗೆ ಮಾತ್ರ ಎಬ್ಬಿಸುತ್ತೇನೆ ಎಂದು ಹೇಳುವ ಒಬ್ಬರು ಮನೆಯಲ್ಲಿದ್ದರೆ ಕೂಸಿನ ಹಾಸಿಗೆಯ ಪ್ರಶ್ನೆ ಅರ್ಧ ಬಗೆಹರಿಯುತ್ತದೆ. ಆ ಒಬ್ಬರು ಗಂಡನೇ ಏಕಾಗಬಾರದು?

ಆಸ್ಪತ್ರೆಯಲ್ಲಿ ಹೆರಿಗೆಯಾದ ಕೂಸನ್ನು ನೋಡಲು ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಮನೆಗೆ ಬರಬೇಕೆಂಬ ನಿಯಮ 2011ರಿಂದ ಇದೆ. ಬಂದವರು ತೂಕ ನೋಡುತ್ತಾರೆ, ಮೈಬಿಸಿ ನೋಡುತ್ತಾರೆ, ಬಾಣಂತಿಗೆ ನಾಲ್ಕು ಮಾತು ಹೇಳುತ್ತಾರೆ. ಮನೆಯ ಗಂಡಸರು ಆಗ ಹೊರಗೆ ಕಟ್ಟೆಯ ಮೇಲಿರುತ್ತಾರೆ. ಮೂರನೇ ದಿನವೇ ಅವರನ್ನು ಒಳಗೆ ಕರೆದು, ಕೂಸು ಮಲಗುವ ಜಾಗವನ್ನು ಅವರೆದುರೇ ನೋಡಿ, ರಾತ್ರಿ ಯಾರು ಎಷ್ಟು ಹೊತ್ತು ಎದ್ದಿರುತ್ತೀರಿ ಎಂದು ಕೇಳಬೇಕು. ಯಾರು ಕುಡಿಯುತ್ತಾರೆ, ಯಾರು ಸೇದುತ್ತಾರೆ ಎಂದೂ ಕೇಳಬೇಕು. ಕುಡಿದು ಬಂದ ರಾತ್ರಿ ಅವನ ಹಾಸಿಗೆ ಪಡಸಾಲೆಯಲ್ಲಿ ಎಂಬ ಮಾತನ್ನು ಬಾಣಂತಿಯ ಬಾಯಿಂದ ಹೇಳಿಸಬಾರದು. ಎರಡು ವಾರದ ಕೂಸನ್ನಿಟ್ಟುಕೊಂಡವಳಿಗೆ ಗಂಡನೊಂದಿಗೆ ಜಗಳ ಮಾಡುವ ಶಕ್ತಿ ಇರುವುದಿಲ್ಲ. ಅದನ್ನು ಅವನ ತಾಯಿ ಹೇಳಬೇಕು, ಹಗಲಲ್ಲಿ, ಅವನು ಸರಿಯಾಗಿದ್ದಾಗ, ಎಲ್ಲರ ಮುಂದೆ.